ಅಣ್ಣನ ಹೊಸ ಹೊಟ್ಟೆ, ತಿಪ್ಪಸಂದ್ರದ ಹೊಸತೊಡಕು

ಯುಗಾದಿಯ ದಿನ ಮಧ್ಯಾಹ್ನ, ಹೋಳಿಗೆ ಊಟ ಮುಗಿಸಿ ಕನಕಪುರದಲ್ಲಿ ಸಾತನೂರು ಮಾರ್ಗದ ಬಸ್ಸು ಹತ್ತಿದೆ. ಬಿಸಿಲಿಗೆ ಸೀಟಿನ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ. ಹಬ್ಬದ ದಿನವಾದ್ದರಿಂದ ಬಸ್ಸು ಅರ್ಧ ಖಾಲಿ. ಅಣ್ಣನ ಊರು ಅಕ್ಕೂರಿಗೆ ಸಂಜೆಯೊಳಗೆ ಮುಟ್ಟಿ, ಮರುದಿನ ಅವನನ್ನು ಕರೆದುಕೊಂಡು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರಕ್ಕೆ ಹೋಗಬೇಕಿತ್ತು. ಅವನ ಒಬ್ಬಳೇ ಮಗಳು ಚೈತ್ರಳನ್ನು ಅಲ್ಲಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕು, ನಮ್ಮ ಕಡೆ ಮನೆಮನೆಯಲ್ಲೂ ಬಾಡೂಟ. ಮದುವೆಯಾದ ಮೊದಲ ಹೊಸತೊಡಕಿಗೆ ಬೀಗರು ಕರೆದರೆ ಹೋಗದೆ ಇರುವಂತಿಲ್ಲ.

ಅತ್ತಿಗೆಯೇ ಹೋಗಬೇಕಾಗಿತ್ತು. ಆದರೆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಯ ಹೆಂಗಸು ಕದಲಿದರೆ ಬೆಳೆ ಹೋದ ಹಾಗೆಯೇ. ‘ನೀನೇ ಹೋಗವ್ವ, ನೀನು ಹೇಳಿದ್ರೆ ಒಸಿ ಕೇಳ್ತಾರೆ’ ಎಂದು ಫೋನಿನಲ್ಲಿ ಅತ್ತಿದ್ದಳು. ಕಾವಲಿಗೆ ನನ್ನನ್ನು ಕಳಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ನನ್ನ ಅಣ್ಣ ಶಿವಲಿಂಗನ ವಿಷಯ ಹೇಳಬೇಕು. ಐವತ್ತೆರಡು ವರ್ಷ. ಮೊನ್ನೆಮೊನ್ನೆಯ ತನಕ ನೂರ ನಲವತ್ತು ಕೆಜಿ ತೂಕ. ಸುತ್ತಲ ಹಳ್ಳಿಗಳಲ್ಲಿ ಮುದ್ದೆ ಉಣ್ಣುವ ಸ್ಪರ್ಧೆ ಎಲ್ಲೇ ನಡೆದರೂ ಅವನು ಬಂದನೆಂದರೆ ಉಳಿದವರು ಎರಡನೇ ಬಹುಮಾನಕ್ಕೆ ಕೂರುತ್ತಿದ್ದರು. ಚೈತ್ರಳ ಮದುವೆ ಮಾತುಕತೆಯ ದಿನ ಅವನು ಉಂಡದ್ದನ್ನು ನೋಡಿಯೇ ಬೀಗರಾದ ಬೋರೇಗೌಡರು ‘ಇಂಥಾ ಮನೆ ಹೆಣ್ಣು ಬೇಕು ಕಣ್ರಪ್ಪ, ಉಣ್ಣೋಕೆ ಇಕ್ಕೋಕೆ ಅಂಜದ ಜನ’ ಎಂದಿದ್ದರಂತೆ. ಆ ಮಾತನ್ನು ಅಣ್ಣ ನೂರು ಸಲ ಹೇಳಿಕೊಂಡಿದ್ದಾನೆ. ಅದೇ ಹೊತ್ತಿಗೆ ಅವನ ಸಕ್ಕರೆ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ, ಕಾಲಿನ ಗಾಯ ಮಾಯುತ್ತಿರಲಿಲ್ಲ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದು ಬೆಂಗಳೂರಿನ ಡಾಕ್ಟರು ನೇರವಾಗಿಯೇ ಹೇಳಿದರು. ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಸಣ್ಣ ಬಾಳೆಕಾಯಿಯಷ್ಟು ಮಾಡಿ ಪಿನ್ನು ಹಾಕುವ ಆಪರೇಷನ್ನಿಗೆ ಅವನನ್ನು ಒಪ್ಪಿಸಲು ನಮಗೆ ಸಾಕುಸಾಕಾಯಿತು.

ಅವನು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಹರ್ನಿಯಾ ಆಪರೇಷನ್ ಎಂದೇ ಎಲ್ಲರಿಗೂ ಹೇಳಬೇಕು. ‘ಉಣ್ಣೋದು ಕಮ್ಮಿ ಮಾಡ್ಸಕ್ಕೆ ಹೊಟ್ಟೆ ಕುಯ್ಸ್ಕೊಂಡ ಅಂದ್ರೆ ಊರು ನಗ್ತದೆ. ಬೀಗ್ರಿಗಂತೂ ಗೊತ್ತೇ ಆಗಬಾರ್ದು.’ ನಾವು ಆಯಿತು ಎಂದೆವು. ಆಪರೇಷನ್ನಿಗೆ ಮುಂಚೆ ಪಿತ್ತಜನಕಾಂಗದ ಕೊಬ್ಬು ಇಳಿಯಲೆಂದು ಎರಡು ವಾರ ಬರೀ ದ್ರವ ಪದಾರ್ಥ ಕೊಟ್ಟರು. ಆಗಲೂ ಅತ್ತಿಗೆ ಬೀದಿಯವರಿಗೆ ‘ವ್ರತ’ ಎಂದು ಹೇಳಿದಳು. ಅಣ್ಣ ಆ ಎರಡು ವಾರ ಒಂದು ತುತ್ತೂ ಕದಿಯಲಿಲ್ಲ. ಹಟ ಹಿಡಿದರೆ ಅವನು ಹಾಗೆಯೇ.

ನಾನು ಅಕ್ಕೂರು ತಲುಪಿದಾಗ ಅವನು ಜಗಲಿಯ ಮೇಲೆ ಕೂತು ಪ್ರೋಟೀನ್ ಪುಡಿ ಕಲಸಿದ ಹಾಲನ್ನು ಚಮಚದಲ್ಲಿ ಕುಡಿಯುತ್ತಿದ್ದ. ಆಪರೇಷನ್ ಆದ ಆರು ವಾರದಲ್ಲಿ ಅಂಗಿ ಜೋಲುಬಿದ್ದಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಾಲಿನ ಗಾಯ ಮಾತ್ರ ಒಣಗಿತ್ತು. ಅದನ್ನೇ ಮೊದಲು ತೋರಿಸಿದ.

ಆಸ್ಪತ್ರೆಯ ಡಯಟೀಷಿಯನ್ ಮಂಗಳೂರು ಕಡೆಯ ಹುಡುಗಿ. ಆರನೇ ವಾರದಿಂದ ಮೆತ್ತನೆಯ ಅನ್ನ, ಬೇಳೆ, ಒಂದಿಷ್ಟು ಮುದ್ದೆ ತಿನ್ನಬಹುದು, ಆದರೆ ಪ್ರತಿ ತುತ್ತನ್ನೂ ಬಾಯಲ್ಲೇ ಗಂಜಿಯಾಗುವ ತನಕ ಅಗಿಯಬೇಕು ಎಂದಿದ್ದಳು. ಪಾಪ, ಅವಳ ಊರಿನಲ್ಲಿ ಮುದ್ದೆ ಇಲ್ಲ. ನಾವು ಯಾರೂ ಮುದ್ದೆ ಅಗಿಯುವುದಿಲ್ಲ, ಮುರಿದು ಸಾರಿಗೆ ಅದ್ದಿ ನುಂಗುತ್ತೇವೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹಾಲು ಹಲ್ಲಿನ ಮಗುವಿಗೆ ಮೊದಲು ಕಲಿಸುವುದೇ ‘ಅಗೀಬೇಡ, ನುಂಗು’ ಎಂದು. ಅಣ್ಣ ಹಿಂದಿನ ವಾರ ಅಗಿದು ನೋಡಿದ್ದನಂತೆ. ‘ಹಲ್ಲಿಗೆಲ್ಲ ಮೆತ್ಕತದೆ ಕಣವ್ವ, ಮಣ್ಣು ತಿಂದಂಗೆ. ಉಗುದ್ಬುಟ್ಟೆ’ ಎಂದ. ಹಾಗಾದರೆ ನಾಳೆ ಮುದ್ದೆ ಮುಟ್ಟುವುದೇ ಬೇಡ, ಎರಡು ಚಮಚ ಅನ್ನ ಸಾರು ಸಾಕು ಎಂದು ಮಾತು ತೆಗೆದುಕೊಂಡೆ. ತಲೆಯಾಡಿಸಿದ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಬಾಡಿಗೆ ಕಾರಿಗೆ ವಿಚಾರಿಸಿದ್ದೆ. ಹೊಸತೊಡಕಿನ ದಿನ ಡ್ರೈವರ್ ಸಿಗುವುದುಂಟೆ? ಚನ್ನಪಟ್ಟಣದ ತನಕ ಆಟೊ. ದಾರಿಯುದ್ದಕ್ಕೂ ಮಾಂಸದ ಅಂಗಡಿಗಳ ಮುಂದೆ ಸಾಲು, ಕೆಲವರು ಪಾತ್ರೆ ಹಿಡಿದು, ಕೆಲವರು ಕವರು ಹಿಡಿದು. ಬಸ್ ನಿಲ್ದಾಣದಲ್ಲಿ ಅಣ್ಣನ ಹಳೆಯ ಪರಿಚಯದವರೊಬ್ಬರು ಅವನನ್ನು ಗುರುತಿಸಲಾರದೆ ಮುಂದೆ ಹೋಗಿ, ತಿರುಗಿ ಬಂದರು.

‘ಏನ್ಲಾ ಶಿವ, ಹಿಂಗಾಗಿದ್ದೀಯ. ಏನಾರ ದೊಡ್ಡ ಕಾಯಿಲೆನಾ?’

‘ಹರ್ನಿಯಾ ಕಣ್ಲಾ. ವಾಸಿ ಆಯ್ತು.’

ಅವರು ನಂಬಿದಂತೆ ಕಾಣಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಎಂದುಕೊಂಡೇ ಹೋಗಿರಬೇಕು. ಸುಳ್ಳು ಹೇಳಿ ಅಣ್ಣ ಸಂಪಾದಿಸಿದ್ದು ಇಷ್ಟೇ, ನಗುವ ಬದಲು ಜನ ಮರುಗುತ್ತಿದ್ದರು.

ರಾಮನಗರಕ್ಕೆ ಅರ್ಧ ಗಂಟೆ. ಅಲ್ಲಿ ಮಾಗಡಿ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು. ನನಗೆ ಉಚಿತ ಟಿಕೆಟ್, ಅಣ್ಣನದು ಐವತ್ತು ರೂಪಾಯಿಯ ಒಳಗೆ. ಬಸ್ಸಿನಲ್ಲಿ ಅವನು ಬಹಳ ವರ್ಷದ ಮೇಲೆ ಒಂದೇ ಸೀಟಿನಲ್ಲಿ ಕೂತ, ಪಕ್ಕದಲ್ಲಿ ನನಗೂ ಜಾಗವಾಯಿತು. ‘ನೋಡು, ಇಬ್ರೂ ಹಿಡುದ್ವಿ’ ಎಂದು ಸಣ್ಣಗೆ ನಕ್ಕ. ಬಂಡೆಬೆಟ್ಟಗಳ ನಡುವೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಪ್ರತಿ ತಿರುವಿಗೂ ಅವನು ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಳ್ಳುತ್ತಿದ್ದ. ಬಾಟಲಿಯ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಮಾಗಡಿಯ ತನಕ ಕುಡಿದ.

‘ಹಸಿವಾಯ್ತದಾ ಅಣ್ಣ?’ ಎಂದು ಕೇಳಿದೆ.

‘ಹಸಿವೇ ಇಲ್ಲ ಕಣವ್ವ. ಅದೇ ಕಷ್ಟ. ಹೊತ್ತು ಹೋಗಲ್ಲ. ಉಣ್ಣೋ ಹೊತ್ತಲ್ಲಿ ಎಲ್ಲಿ ಕೂರಬೇಕು ಅಂತ್ಲೇ ಗೊತ್ತಾಗಲ್ಲ.’

ಹನ್ನೊಂದೂವರೆಗೆ ಮಾಗಡಿ. ಅಳಿಯ ಮಂಜು ಕಾರು ತಂದು ನಿಂತಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ. ಮಾವ ಸೊರಗಿರುವುದನ್ನು ನೋಡಿ, ಚೀಲ ತಾನೇ ತೆಗೆದುಕೊಂಡು ಕಾರಿನ ಬಾಗಿಲು ತೆರೆದ. ಇಳಿಬಿಸಿಲಿಗೆ ಮುಂಚೆ ಹೊರಟು ಸಂಜೆ ಬಸ್ಸಿಗೆ ವಾಪಸಾಗುವುದು ನನ್ನ ಲೆಕ್ಕ.

ತಿಪ್ಪಸಂದ್ರದ ಮನೆಯ ಮುಂದೆ ಶಾಮಿಯಾನ, ಹಿತ್ತಲಿನಲ್ಲಿ ಮೂರು ಒಲೆ. ಚೈತ್ರ ಓಡಿ ಬಂದು ಅಪ್ಪನ ಕೈ ಹಿಡಿದಳು, ಕಣ್ಣು ತುಂಬಿಕೊಂಡಳು. ನಿಜ ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ‘ಅತ್ತೆ, ಅಪ್ಪಂಗೆ ಅಂತ ಮೆತ್ತಗೆ ಅನ್ನ ಮಾಡಿಟ್ಟಿವ್ನಿ, ನಾನೇ ಬಡಿಸ್ತೀನಿ’ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಸಮಾಧಾನವಾಯಿತು.

ಆದರೆ ಬೀಗರಿಗೆ ಮೊದಲ ಮುದ್ದೆಯನ್ನು ಮನೆಯ ಯಜಮಾನ ತಾನೇ ಇಡಬೇಕು. ಅದು ಪದ್ಧತಿ, ಅದನ್ನು ನಾವಿಬ್ಬರೂ ಮರೆತಿದ್ದೆವು. ಎಲೆ ಹಾಕಿದ್ದೇ ಬೋರೇಗೌಡರು ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆಗಳನ್ನು ಹಿಡಿದು ಬಂದು, ದೊಡ್ಡದೊಂದನ್ನು ಅಣ್ಣನ ಎಲೆಗೆ ಇಟ್ಟರು. ಪಂಕ್ತಿಯವರೆಲ್ಲ ತಿರುಗಿ ನೋಡಿದರು. ಇವರೇ ಆ ಬೀಗರು ಎನ್ನುವ ಗುಸುಗುಸು ನಡೆಯಿತು. ಬೋರೇಗೌಡರು ಎದುರಿಗೇ ನಿಂತರು.

‘ಉಣ್ಣಿ ಬೀಗ್ರೆ. ನೀವು ಕೈ ಇಟ್ಟ ಮೇಲೆ ನಾವು.’

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ‘ಅಣ್ಣಂಗೆ ಅನ್ನವೇ ಸಾಕು ಗೌಡ್ರೆ, ಆಪರೇಷನ್ ಆಗಿ ಇನ್ನೂ’ ಎಂದೆ.

‘ಹರ್ನಿಯಾಗೆ ಮುದ್ದೇನೇ ಔಷ್ದಿ ಕಣವ್ವ. ನಮ್ಮಣ್ಣಂಗೂ ಆಗಿತ್ತು, ಎಂಟೇ ದಿನಕ್ಕೆ ಉಂಡ. ಬುಡು, ಗಂಡಸ್ರು ಉಣ್ಣಲಿ.’

ಆ ಮನುಷ್ಯರ ತಪ್ಪೇನೂ ಇರಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಅಣ್ಣ ಒಮ್ಮೆ ನನ್ನ ಕಡೆ ನೋಡಿ, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟ. ದವಡೆ ಎರಡು ಸಲ ಆಡಿತು. ಅಗಿಯಲು ನೋಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ಇನ್ನೊಂದು ತುತ್ತು, ಮತ್ತೊಂದು. ಅವನು ಬೇಕೆಂದು ನುಂಗಿದನೋ, ಐವತ್ತು ವರ್ಷದ ಗಂಟಲು ತಾನೇ ನುಂಗಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಮುಖದಲ್ಲಿ ಮಾತ್ರ ಆರು ವಾರದಿಂದ ಕಾಣದ ಗೆಲುವು ಇತ್ತು. ಪಂಕ್ತಿಯಲ್ಲಿ ಯಾರೋ ‘ನೋಡ್ಲಾ, ಹಂಗೇ ಅವ್ರೆ’ ಎಂದರು.

ನಾಲ್ಕನೆಯ ತುತ್ತಿಗೆ ಕೈ ನಿಂತಿತು. ಹಣೆಯ ಮೇಲೆ ಬೆವರು ಒಡೆಯಿತು, ಬಾಯಿ ತುಂಬ ಜೊಲ್ಲು. ಎಲೆ ಬಿಟ್ಟು ಎದ್ದು ಹಿತ್ತಲಿಗೆ ನಡೆದ. ನಾನೂ ಚೈತ್ರಳೂ ಹಿಂದೆಯೇ ಓಡಿದೆವು. ಗೋಡೆ ಹಿಡಿದು ನಿಂತು ಓಕರಿಸುತ್ತಿದ್ದ, ಬಿಳಿ ನೊರೆ ಬಿಟ್ಟು ಏನೂ ಬರಲಿಲ್ಲ. ಬಹಳ ಹೊತ್ತು ಹಾಗೆಯೇ. ಕೊನೆಗೆ ಒಂದು ಸಲ ದೊಡ್ಡದಾಗಿ ಬಂದ ಓಕರಿಕೆಯಲ್ಲಿ ರಕ್ತ ಬಂತು. ಅವನು ಎದೆ ಹಿಡಿದುಕೊಂಡು ಕುಸಿದ. ಮಂಜು ಕಾರನ್ನು ಹಿತ್ತಲ ಬಾಗಿಲಿಗೇ ತಂದ. ಹಿಂದಿನ ಸೀಟಿನಲ್ಲಿ ಅಣ್ಣನ ತಲೆ ನನ್ನ ತೊಡೆಯ ಮೇಲೆ, ಮುಂದೆ ಬೋರೇಗೌಡರು ಕೈತೊಳೆಯದೆಯೇ ಕೂತರು.

ಮಾಗಡಿಯ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಹಬ್ಬದ ದಿನವೂ ಡ್ಯೂಟಿಯಲ್ಲಿದ್ದ ಯುವ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಅಣ್ಣ ಕಿರುಚಲಾರದೆ ಹಲ್ಲು ಕಚ್ಚಿದ.

‘ಹೊಟ್ಟೆಗೆ ಮುಂಚೆ ಏನಾದರೂ ಆಪರೇಷನ್ ಆಗಿದೆಯಾ?’

ಬೋರೇಗೌಡರು ಸ್ಟ್ರೆಚರ್ ಪಕ್ಕದಲ್ಲೇ ನಿಂತಿದ್ದರು. ಅಣ್ಣ ಅವರನ್ನು ನೋಡಿದ, ಡಾಕ್ಟರನ್ನು ನೋಡಿದ. ಉಸಿರೇ ಬರದ ಬಾಯಲ್ಲಿ ‘ಹರ್ನಿಯಾ’ ಎಂದ.

ನನ್ನ ಮೈ ಉರಿದುಹೋಯಿತು. ಸಾಯುತ್ತಿರುವವನ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ತಿಳಿದಿರಲಿಲ್ಲ. ‘ಸುಳ್ಳು ಡಾಕ್ಟ್ರೆ’ ಎಂದೆ. ‘ತೂಕ ಇಳಿಸೋ ಆಪರೇಷನ್. ಹೊಟ್ಟೆ ಕತ್ತರಿಸಿ ತೆಗೆದವ್ರೆ. ಆರು ವಾರ ಆಯ್ತು. ಈಗ ಮುದ್ದೆ ನುಂಗವ್ನೆ.’

ಡಾಕ್ಟರ ಮುಖ ಬದಲಾಯಿತು. ಇಲ್ಲಿ ಆಗುವ ಕೆಲಸವಲ್ಲ, ಹನಿ ನೀರೂ ಕೊಡಬೇಡಿ, ಆಪರೇಷನ್ ಮಾಡಿದವರ ಹತ್ತಿರವೇ ಈಗಲೇ ಹೊರಡಿ ಎಂದು ಡ್ರಿಪ್ ಹಾಕಿ ಆಂಬ್ಯುಲೆನ್ಸ್ ಕರೆಸಿದರು. ಬೋರೇಗೌಡರು ಗೋಡೆಗೆ ಒರಗಿ ನಿಂತಿದ್ದರು, ಬೆರಳಲ್ಲಿ ಒಣಗಿದ ಮುದ್ದೆಯನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ‘ಒಂದ್ ಮಾತು ಹೇಳಿದ್ರೆ ಗಂಜಿ ಇಕ್ತಿದ್ದೆ ಕಣವ್ವ’ ಎಂದರು. ‘ನನ್ನ ಕೈಯಾರೆ ವಿಸ ಇಕ್ಕಿದಂಗೆ ಮಾಡ್ಬುಟ್ರಿ.’ ಅಣ್ಣ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ. ಬೆಂಗಳೂರು ಸೇರುವ ತನಕ ನನ್ನನ್ನು ನೋಡಲಿಲ್ಲ.

ಓಕರಿಕೆಯ ರಭಸಕ್ಕೆ ಪಿನ್ನು ಹಾಕಿದ ಗೆರೆ ಮೇಲ್ತುದಿಯಲ್ಲಿ ಬಿಟ್ಟುಕೊಂಡಿತ್ತು. ಎರಡನೆಯ ಸಲ ಹೊಟ್ಟೆ ತೆರೆದರು. ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ. ಅತ್ತಿಗೆ ಹುಳುಗಳನ್ನು ಅಕ್ಕಪಕ್ಕದವರಿಗೆ ಬಿಟ್ಟು ಬಂದಳು. ನಾವಿಬ್ಬರೂ ಐಸಿಯು ಬಾಗಿಲ ಬೆಂಚಿನಲ್ಲಿ ದಿನಗಳನ್ನು ಕಳೆದೆವು, ಕ್ಯಾಂಟೀನಿನ ಇಡ್ಲಿ ತಿಂದು ನನ್ನ ನಾಲಿಗೆ ಕೆಟ್ಟಿತು. ಹತ್ತನೆಯ ದಿನ ವಾರ್ಡಿಗೆ ತಂದರು. ಕರುಳಿಗೆ ಕೊಳವೆ ಹಾಕಿ, ಪಂಪಿನಲ್ಲಿ ಹಾಲಿನಂಥ ದ್ರವ ಬಿಡುತ್ತಿದ್ದರು. ಬಾಯಿಯಿಂದ ಏನೂ ಕೊಡುವಂತಿಲ್ಲ, ಎಷ್ಟು ತಿಂಗಳು ಎಂದು ಈಗಲೇ ಹೇಳಲಾಗದು ಎಂದರು.

ಆ ಮಧ್ಯಾಹ್ನ ಬೋರೇಗೌಡರು ಚೈತ್ರಳನ್ನು ಕರೆದುಕೊಂಡು ಬಂದರು. ಆಸ್ಪತ್ರೆಗೆ ಬರುವಾಗ ಹಣ್ಣು ತರುವುದು ರೂಢಿ, ಅವರು ಬರಿಗೈಯಲ್ಲಿ ಬಂದಿದ್ದರು. ಅಣ್ಣನ ಮಂಚದ ಬಳಿ ನಿಂತು, ಮಳೆ ಬರಲಿಲ್ಲ ಎಂದು, ಮಂಜು ಬೋರ್‌ವೆಲ್ ಕೊರೆಸುತ್ತಿದ್ದಾನೆ ಎಂದು ಏನೇನೋ ಮಾತಾಡಿದರು. ಊಟದ ಹೊತ್ತಾಯಿತೆಂದು ಅತ್ತಿಗೆ ‘ಕ್ಯಾಂಟೀನಿಗೆ ಹೋಗಿ ಊಟ ಮಾಡ್ಕೊಂಡ್ ಬನ್ನಿ ಗೌಡ್ರೆ’ ಎಂದಾಗ, ಅಣ್ಣನ ಮುಂದೆ ಆ ಮಾತು ಬಂದದ್ದಕ್ಕೆ ಅವರ ಮುಖ ಸಣ್ಣದಾಯಿತು. ಬೇಡವ್ವ ಎಂದು ಕೈಮುಗಿದು ಹೊರಟೇಬಿಟ್ಟರು.

ನಾನೂ ಕೆಲಸಕ್ಕೆ ಮರಳಬೇಕಿತ್ತು. ಹೊರಡುವಾಗ ಅಣ್ಣ ಆ ದಿನದಿಂದ ಮೊದಲ ಬಾರಿ ನನ್ನೊಡನೆ ಮಾತಾಡಿದ.

‘ಇನ್ಮೇಲೆ ನನ್ನ ಯಾರೂ ಊಟಕ್ಕೆ ಕರಿಯಲ್ಲ ಕಣವ್ವ.’

ಕರೀತಾರೆ ಕಣಣ್ಣ ಎನ್ನಲು ಬಾಯಿ ತೆರೆದೆ. ಅವನ ವಿಷಯದಲ್ಲಿ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಅವನ ಕೈ ಒಂದಿಷ್ಟು ಹೊತ್ತು ಹಿಡಿದುಕೊಂಡಿದ್ದು, ಚೀಲ ಎತ್ತಿಕೊಂಡು ಕನಕಪುರದ ಬಸ್ಸಿಗೆ ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ನರ್ಸು ಪಂಪಿಗೆ ಹೊಸ ಬಾಟಲಿ ಸಿಕ್ಕಿಸುತ್ತಿದ್ದಳು. ಅಣ್ಣ ಬಾಯಿ ಮುಚ್ಚಿಕೊಂಡು, ಅದು ಕೊಳವೆಯಲ್ಲಿ ಇಳಿಯುವುದನ್ನೇ ನೋಡುತ್ತಿದ್ದ.