ಕಲ್ಲುಹಾಸಿನ ಕೋಣೆಯ ಫಖರುನ್ನಿಸಾ

ಫಖರುನ್ನಿಸಾ ಕಲ್ಲನ್ನು ತಿಕ್ಕುತ್ತಿದ್ದಾರೆ. ಹೊರಗೆ ಇನ್ನೂ ಮಂಜು ಕವಿದಿದೆ. ಕೈಯಲ್ಲಿ ತೆಂಗಿನ ನಾರಿನ ಉಂಡೆ, ಪಕ್ಕದಲ್ಲಿ ಒಂದು ಬಕೆಟ್ ನೀರು. ತಲೆಯ ಕಡೆಯಿಂದ ಕಾಲಿನ ಕಡೆಗೆ, ಒಂದೇ ದಿಕ್ಕಿನಲ್ಲಿ ತಿಕ್ಕುತ್ತಾರೆ. ಕಲ್ಲು ಕಾಲಿನ ಕಡೆ ಸ್ವಲ್ಪ ಇಳಿಜಾರಾಗಿದೆ. ನೀರು ಅಂಚಿನ ಸಣ್ಣ ಕಾಲುವೆಯಲ್ಲಿ ಹರಿದು ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೇನೆ. ದೂರದ ಫ್ರೀವೇಯ ಸದ್ದು, ಕಲ್ಲಿಗೆ ನಾರು ಉಜ್ಜುವ ಸದ್ದು, ಅಷ್ಟೇ.

ತಿಕ್ಕಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಚಾವಣಿ ಸೋರುವ ಜಾಗದ ಕೆಳಗೆ ಬಕೆಟ್ಟನ್ನು ಸರಿಸಿಡುತ್ತಾರೆ. ಕಲ್ಲಿನ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿ, ಹೊರಗೆ ಬಂದು ಬೀಗ ಹಾಕುತ್ತಾರೆ. ಬಾಗಿಲಿಗೆ ಊರಿನ ಎಂಜಿನಿಯರು ಅಂಟಿಸಿದ ಹಳದಿ ಕಾಗದವಿದೆ. ಗೋಡೆ ವಾಲಿದೆ, ದುರಸ್ತಿಯಾಗದಿದ್ದರೆ ಮಳೆ ಶುರುವಾಗುವ ಮುಂಚೆ ಕಟ್ಟಡವನ್ನು ಕೆಡವಲಾಗುವುದು ಎಂದು ಅದರಲ್ಲಿದೆ. ದುರಸ್ತಿಗೆ ಊರು ಹಣ ಕೊಡುತ್ತದೋ ಇಲ್ಲವೋ ಎಂಬುದು ಇವತ್ತು ಸಂಜೆ ತೀರ್ಮಾನವಾಗಬೇಕು.

ತೀರಿಕೊಂಡ ಹೆಂಗಸರನ್ನು ಮಣ್ಣಿಗೆ ಒಯ್ಯುವ ಮೊದಲು ಮೀಯಿಸುವ ಕೋಣೆ ಇದು. ಮೀಯಿಸುವವರು ಫಖರುನ್ನಿಸಾ.

ನೆವಾರ್ಕ್ ದಾಟಿ ಕೊಲ್ಲಿಯ ಅಂಚಿಗೆ ಬಂದರೆ ವಿಲೋ ಲ್ಯಾಂಡಿಂಗ್ ಸಿಗುತ್ತದೆ. ಒಂದೇ ಮುಖ್ಯ ಬೀದಿಯ ಊರು. ಹಿಂದೆ ಇಲ್ಲಿನ ಉಪ್ಪಿನ ಮಡಿಗಳಲ್ಲಿ ದುಡಿಯುತ್ತಿದ್ದ ಪೋರ್ಚುಗೀಸ್ ಕುಟುಂಬಗಳು ಊರ ಸ್ಮಶಾನದ ಮೂಲೆಯಲ್ಲಿ ಈ ಇಟ್ಟಿಗೆಯ ಕೋಣೆಯನ್ನು ಕಟ್ಟಿಕೊಂಡಿದ್ದವು. ನೀರಿಗೆ ಬಿದ್ದು ಸತ್ತವರನ್ನು ತಂದು ಈ ಕಲ್ಲಿನ ಮೇಲೆ ಮಲಗಿಸಿ, ಕೆಸರು ತೊಳೆದು, ಒಳ್ಳೆಯ ಬಟ್ಟೆ ಹಾಕುತ್ತಿದ್ದರಂತೆ. ಆ ಮಂದಿಯ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿಗೋ ಹೋದರು. ಕೋಣೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಂದು ಕೂತಿತು. ಫಖರುನ್ನಿಸಾ ಕೇಳಿದಾಗ ಊರಿನ ಕಚೇರಿಯವರು ಯಂತ್ರವನ್ನು ಬೇರೆ ಕಡೆ ಸಾಗಿಸಿ ಕೀಲಿಕೈ ಕೊಟ್ಟರು.

ಅವರು ಗದಗಿನವರು. ಗಂಡ ಮೆಹಬೂಬ್ ಸಾಬ್ ನೆವಾರ್ಕಿನಲ್ಲಿ ಅಣ್ಣನ ಮಾಂಸದ ಅಂಗಡಿಗೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದರು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಡೇಕೇರಿನ ಅಡುಗೆಮನೆಯಲ್ಲಿ ಕೆಲಸ. ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತಾರೆ, ಸೇಬಿನ ಸಿಪ್ಪೆ ತೆಗೆಯುತ್ತಾರೆ. ಫೋನು ಬಂದರೆ ಏಪ್ರನ್ ಬಿಚ್ಚಿಟ್ಟು ಇಲ್ಲಿಗೆ ಬರುತ್ತಾರೆ. ಡೇಕೇರಿನವರಿಗೆ ‘ಫ್ಯಾಮಿಲಿ ಎಮರ್ಜೆನ್ಸಿ’ ಎನ್ನುತ್ತಾರೆ. ಈ ಆಂಟಿಯ ಫ್ಯಾಮಿಲಿ ಎಷ್ಟು ದೊಡ್ಡದು ಎಂದು ಅಲ್ಲಿಯ ಹುಡುಗಿಯರು ನಗುತ್ತಾರಂತೆ. ಇಲ್ಲಿನ ಕೆಲಸಕ್ಕೆ ಅವರು ಏನನ್ನೂ ತೆಗೆದುಕೊಳ್ಳುವುದಿಲ್ಲ.

ಈ ಕೆಲಸ ಕಲಿಸಿದ್ದು ಅತ್ತೆ. "ಗದಗಿನ್ಯಾಗ ನಮ್ಮ ಅತ್ತಿ ಹೋಗಾಕಿ, ನಾ ಚಾದರದ ಇನ್ನೊಂದು ತುದಿ ಹಿಡ್ಯಾಕಿ. ಅಷ್ಟ ನನ್ನ ಸಾಲಿ" ಎನ್ನುತ್ತಾರೆ. ನೀರು ಉಗುರುಬೆಚ್ಚಗಿರಬೇಕು, ಮುಂಗೈ ಒಳಭಾಗಕ್ಕೆ ಹಾಕಿಕೊಂಡು ನೋಡಬೇಕು. ಬಲಗಡೆಯಿಂದ ಶುರು ಮಾಡಬೇಕು. ಮೈಮೇಲಿನ ಚಾದರ ಸರಿಯಬಾರದು, ಅದರ ಕೆಳಗೆ ಕೈ ಹಾಕಿಯೇ ತೊಳೆಯಬೇಕು. ಕೊನೆಯ ನೀರಿಗೆ ಕರ್ಪೂರ. ಮುಟ್ಟುವ ಮೊದಲು ಫಖರುನ್ನಿಸಾ ಬಿಸಿನೀರಿನ ಬಕೆಟ್ಟಿಗೆ ಕೈ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಇದನ್ನು ಅತ್ತೆ ಕಲಿಸಲಿಲ್ಲ.

"ಅವರಿಗೇನ್ ಗೊತ್ತಾಗ್ತದ ಅಂತ ತಣ್ಣನ್ ಕೈ ಹಚ್ಚಬಾರ್ದು ನೋಡು ಬೇಟಿ" ಎನ್ನುತ್ತಾರೆ. "ಕೂಸಿಗೆ ಎರದಂಗ ಎರೀಬೇಕು."

ಅತ್ತೆ ಕಲಿಸಿದ್ದು ಇನ್ನೊಂದಿದೆ. ತೊಳೆಯುವಾಗ ಕಂಡದ್ದನ್ನು ಯಾರಿಗೂ ಹೇಳಬಾರದು. ಗಾಯದ ಗುರುತಿರಬಹುದು, ಕಾಯಿಲೆಯ ಕಲೆಯಿರಬಹುದು, ಮನೆಯವರಿಗೂ ಗೊತ್ತಿಲ್ಲದ ಏನೋ ಇರಬಹುದು. ಅದೆಲ್ಲ ಮಣ್ಣಿಗೆ ಹೋಗಬೇಕು. ಸತ್ತವರದನ್ನು ಮುಚ್ಚಿದವರ ತಪ್ಪುಗಳೂ ಮುಂದೆ ಮುಚ್ಚಿಹೋಗುತ್ತವೆ ಎಂದು ಅವರ ನಂಬಿಕೆ. ಎಷ್ಟು ಜನರಿಗೆ ಎರೆದೆ ಎಂದು ಎಣಿಸಲೂಬಾರದು. "ಎಣಿಸಿದ್ರ ಹೆಮ್ಮಿ ಬರ್ತದ. ಹೆಮ್ಮಿ ಬಂದ ಕೈ ಒರಟಾಗ್ತದ." ಯಾರ ಮನೆಯವರು, ಯಾವಾಗ ಎಂದು ನಾನು ಒಮ್ಮೆ ಮೆಲ್ಲಗೆ ಕೇಳಿದೆ. ಅವರು ನನಗೆ ಚಹಾ ಕೊಟ್ಟರು.

ಈ ಊರಿನಲ್ಲಿ ಹಳೆಯ ಕಟ್ಟಡ, ಹಳೆಯ ದಾರಿ, ಹಳೆಯ ಮರಗಳನ್ನು ಕಾಪಾಡಲು ಒಂದು ಪರಂಪರೆ ನಿಧಿಯಿದೆ. ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಏಳು ಜನರ ಸಮಿತಿ ಜಾಗಗಳನ್ನು ನೋಡಿ ಬರುತ್ತದೆ, ಸಭೆ ಕರೆದು ಜನರ ಮಾತು ಕೇಳುತ್ತದೆ, ಅಂಕ ಹಾಕಿ, ಕೈಯೆತ್ತಿ ಮತ ಕೊಡುತ್ತದೆ. ಆ ಏಳರಲ್ಲಿ ಒಬ್ಬರು ಮೈಸೂರಿನ ಶೇಷಗಿರಿ, ಸಾಫ್ಟ್‌ವೇರ್ ಎಂಜಿನಿಯರು. ಫಖರುನ್ನಿಸಾ ಅವರ ಅರ್ಜಿಯನ್ನು ತುಂಬಿಕೊಟ್ಟವರು ಅವರೇ.

"ವರ್ಷಕ್ಕೆ ಎಷ್ಟು ಜನ ಉಪಯೋಗಿಸ್ತಾರೆ ಅಂತ ಒಂದು ಪ್ರಶ್ನೆ ಇತ್ತು. ಅಮ್ಮ ಬಾಯೇ ಬಿಡಲಿಲ್ಲ. ಸುಮಾರಾಗಿ ಹೇಳಿ ಅಂದೆ. ಅದಕ್ಕೂ ಇಲ್ಲ. ನಾನು ‘ಗೊತ್ತಿಲ್ಲ’ ಅಂತ ಹಾಕ್ಬಿಟ್ಟೆ. ಕಮಿಟಿಯವರು ಅದನ್ನ ಓದಿ, ಯಾರೂ ಯೂಸೇ ಮಾಡಲ್ಲ ಅಂದ್ಕೊಂಡ್ರು" ಎನ್ನುತ್ತಾರೆ ಶೇಷಗಿರಿ. ಅಷ್ಟೇ ಆಗಿದ್ದರೆ ಸರಿಪಡಿಸಬಹುದಿತ್ತು. "ಅರ್ಜಿ ತುಂಬೋಕೆ ಹೆಲ್ಪ್ ಮಾಡಿದವರು ಓಟು ಹಾಕೋ ಹಾಗಿಲ್ಲ ಅಂತ ರೂಲ್ಸು. ನನಗೆ ಆಮೇಲೆ ಗೊತ್ತಾಯ್ತು. ಒಳ್ಳೇದು ಮಾಡೋಕೆ ಹೋಗಿ ಅಮ್ಮನ ಒಂದು ಓಟು ನಾನೇ ಕಳೆದೆ."

ಹೋದ ತಿಂಗಳ ಸಭೆಗೆ ಹಕ್ಕಿ ನೋಡುವ ದಾರಿಗೆ ಹಣ ಕೇಳಿದವರು ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಂದಿದ್ದರು. ರೈಲು ನಿಲ್ದಾಣದ ಹಳೇ ಗಡಿಯಾರದವರು ಅಜ್ಜ ಅಜ್ಜಿಯರ ಫೋಟೋ ತೋರಿಸಿದರು. ಒಬ್ಬರಿಗೆ ಮೂರು ನಿಮಿಷ. ಫಖರುನ್ನಿಸಾ ಮೈಕಿನ ಮುಂದೆ ನಿಂತು, ತಮಗೆ ಬರುವ ಇಂಗ್ಲಿಷಿನಲ್ಲಿ, "ಕೋಣೆ ಬೇಕು. ಕೆಲಸ ಇದೆ" ಎಂದರು. ಒಂದು ಉದಾಹರಣೆ ಹೇಳಿ ಎಂದರು ಒಬ್ಬ ಸದಸ್ಯರು. ಫಖರುನ್ನಿಸಾ ಇಲ್ಲವೆಂದು ತಲೆಯಾಡಿಸಿ ಹೋಗಿ ಕೂತರು. ಅಧ್ಯಕ್ಷೆ ನಿವೃತ್ತ ಗ್ರಂಥಪಾಲಕಿ, ಮೆತ್ತಗಿನ ಮಾತಿನವರು. ಅರ್ಜಿಯನ್ನು ಅಲ್ಲಿಯೇ ತಳ್ಳಿಹಾಕದೆ ಒಂದು ತಿಂಗಳು ಮುಂದೆ ಹಾಕಿದರು. ಈ ಕೋಣೆಯಿಂದ ಉಪಕಾರವಾದ ಒಂದೇ ಒಂದು ಕುಟುಂಬ ಬಂದು ಹೇಳಲಿ, ಸಾಕು ಎಂದರು.

ಮೆಹಬೂಬ್ ಸಾಬ್ ನೀರು ಕಾಯಿಸುವವರು. ಕೋಣೆಯ ಹೊರಗೆ ಗ್ಯಾಸಿನ ಒಲೆಯ ಮುಂದೆ ಕೂತಿರುತ್ತಾರೆ, ಒಳಗೆ ಕಾಲಿಡುವುದಿಲ್ಲ. ಆ ಸಭೆಯ ಮಾತೆತ್ತಿದರೆ ಹಣೆ ಬಡಿದುಕೊಳ್ಳುತ್ತಾರೆ.

"ಮನ್ಯಾಗ ಇಕಿ ಬಾಯಿ ಮುಚ್ಚಿದ್ದು ಒಂದ ದಿನಾನೂ ನಾ ನೋಡಿಲ್ರೀ. ಸಭಾದಾಗ ಹೋಗಿ ಮುಚ್ಚಿದ್ಲು!"

"ಮನ್ಯಾಗ ನಿಮ್ಮ ಸುದ್ದಿ ಮಾತಾಡ್ತೇನಿ. ಅದು ಊರಿಗೆಲ್ಲ ಗೊತ್ತಿದ್ದದ್ದ" ಎಂದರು ಫಖರುನ್ನಿಸಾ.

ಕುಟುಂಬಗಳ ಮನೆಗೆ ಹೋಗಿ ಕೇಳಲು ಅವರು ಒಪ್ಪಲಿಲ್ಲ. ಎರೆದ ನೀರಿಗೆ ಬೆಲೆ ಕೇಳಿದಂತಾಗುತ್ತದೆ ಎಂದರು. ಶೇಷಗಿರಿಯವರೇ ಮಸೀದಿಯ ವಾಟ್ಸಾಪ್ ಗುಂಪಿಗೆ ಒಂದು ವಿನಂತಿ ಹಾಕಿಸಿದರು. ಕೈಯೆತ್ತಿ ದುವಾ ಮಾಡುವ ಚಿತ್ರಗಳು ಸಾಲಾಗಿ ಬಂದವು. ಬರುತ್ತೇನೆ ಎಂದವಳು ಒಬ್ಬಳೇ, ಇರಮ್. ಬೆಂಗಳೂರಿನಿಂದ ಬಂದ ಕುಟುಂಬದವಳು, ಇಲ್ಲೇ ಹುಟ್ಟಿದವಳು, ಸ್ಯಾನ್ ರಮೋನಿನ ಆಫೀಸಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ತಾಯಿ ಹೋದಾಗ ಚಾದರದ ಇನ್ನೊಂದು ತುದಿ ಹಿಡಿದವಳು.

ಈ ಕೋಣೆ ಹೋದರೆ ಇರುವುದು ಕೊಲ್ಲಿಯ ಆಚೆ ದಡದ ಒಂದು ಶವಸಂಸ್ಕಾರದ ಕಂಪನಿ. ಅಲ್ಲಿ ಗಂಟೆಯ ಲೆಕ್ಕದಲ್ಲಿ ಕೋಣೆ ಕೊಡುತ್ತಾರೆ. ಫಖರುನ್ನಿಸಾ ಒಮ್ಮೆ ಅಲ್ಲಿಗೆ ಹೋಗಿದ್ದರು. "ತಲಿಗೂದಲಾ ಬಿಡಸಾಕತ್ತಿದ್ದೆ. ಹೊರಗಿಂದ ಬಾಗಲಾ ಬಡದ್ರು, ಟೈಮ್ ಆತು ಅಂತ. ಮೂರು ಜಡಿ ಹಾಕಬೇಕು ಹೆಣ್ಮಗಳಿಗೆ. ಎರಡ ಹಾಕಿ ಕಳಿಸಿದೆ." ಯಾರಿಗೆ ಎಂದು ಹೇಳಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಎರಡು ಬೆರಳುಗಳ ನಡುವೆ ಇಲ್ಲದ ಕೂದಲಿನ ಎಳೆಯೊಂದನ್ನು ಹಿಡಿದಂತೆ ಕೂತಿದ್ದರು.

ಸಂಜೆಯ ಸಭೆ ಊರಿನ ಕಚೇರಿಯ ಮೇಲಿನ ಹಾಲಿನಲ್ಲಿ. ಫಖರುನ್ನಿಸಾ ಇಸ್ತ್ರಿ ಮಾಡಿದ ಸಲ್ವಾರಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮಸೀದಿಯ ಕಡೆಯಿಂದ ಬೇರೆ ಯಾರೂ ಇಲ್ಲ. ಇರಮ್ ಓಡುತ್ತಾ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಕುತ್ತಿಗೆಯಲ್ಲಿ ಆಫೀಸಿನ ಬ್ಯಾಡ್ಜು ಹಾಗೇ ಇದೆ. ಕೋಣೆಯ ಅರ್ಜಿ ಬಂದಾಗ ಶೇಷಗಿರಿ ನಿಯಮದಂತೆ ಎದ್ದು ಹೊರಗೆ ಹೋಗುತ್ತಾರೆ. ಅವರ ಕುರ್ಚಿ ಖಾಲಿಯಾಗುತ್ತದೆ.

ಅಧ್ಯಕ್ಷೆ ಇರಮಳ ಹೆಸರು ಕರೆಯುತ್ತಾರೆ. ಅವಳು ಮೈಕಿನ ಮುಂದೆ ಬಂದು ನಿಲ್ಲುತ್ತಾಳೆ. ತಾಯಿ ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದರು ಎನ್ನುತ್ತಾಳೆ. ಆ ಬೆಳಿಗ್ಗೆ ಈ ಆಂಟಿ ಬಂದರು ಎನ್ನುತ್ತಾಳೆ. ಇಷ್ಟನ್ನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೇಳುತ್ತಾಳೆ. ಸಮಿತಿಯವರು ಮುಂದಕ್ಕೆ ಬಾಗಿದ್ದಾರೆ. ಒಬ್ಬರು ಪೆನ್ನು ತೆಗೆದಿದ್ದಾರೆ.

"ಅಮ್ಮನ ಬೆನ್ನ ಮೇಲೆ..." ಎಂದು ನಿಲ್ಲಿಸುತ್ತಾಳೆ. "ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಬೆನ್ನ ಮೇಲೆ..."

ನಿಧಾನವಾಗಿ ಹೇಳಿ ಎನ್ನುತ್ತಾರೆ ಅಧ್ಯಕ್ಷೆ.

ಅಷ್ಟರಲ್ಲಿ ಫಖರುನ್ನಿಸಾ ಎದ್ದಾಗಿದೆ. ಹುಡುಗಿಯ ಹತ್ತಿರ ಹೋಗಿ ಮೈಕನ್ನು ಅಂಗೈಯಿಂದ ಮುಚ್ಚುತ್ತಾರೆ. "ಬ್ಯಾಡ ಬೇಟಿ. ಅದು ಇವರದಲ್ಲ. ನಡಿ, ಕೂಡು."

"ಆಂಟಿ, ಹೇಳಿಲ್ಲ ಅಂದ್ರೆ ದೇ ವಿಲ್ ಸೇ ನೋ."

"ಅನ್ನಲಿ. ನೀ ಕೂಡು."

ಅವಳನ್ನು ಕರೆದೊಯ್ದು ಕೂರಿಸುತ್ತಾರೆ. ತಲೆಯ ಮೇಲೆ ಕೈಯಿಟ್ಟು, ಆ ಕೈಯನ್ನು ಬೇಗ ತೆಗೆಯುವುದಿಲ್ಲ. ಪೆನ್ನು ತೆಗೆದವರು ಪೆನ್ನು ಮುಚ್ಚುತ್ತಾರೆ.

ಕೋಣೆಯ ಪರವಾಗಿ ಮೂರು ಕೈ, ವಿರುದ್ಧ ಮೂರು. ಅಧ್ಯಕ್ಷೆಯ ಕೈ ಪರವಾಗಿಯೇ ಇತ್ತು. ಸಮನಾದರೆ ಅರ್ಜಿ ಬಿದ್ದುಹೋಯಿತೆಂದೇ ಅರ್ಥ ಎಂದು ಅವರೇ ಓದಿ ಹೇಳುತ್ತಾರೆ. ಆ ಹಣ ಹಕ್ಕಿಯ ದಾರಿಗೆ ಹೋಗುತ್ತದೆ. ಟೀಶರ್ಟಿನವರು ಚಪ್ಪಾಳೆ ತಟ್ಟಲು ಹೋಗಿ, ಮುಂದಿನ ಸಾಲನ್ನು ನೋಡಿ, ಕೈ ಕೆಳಗಿಳಿಸುತ್ತಾರೆ. ಶೇಷಗಿರಿ ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಎಲ್ಲರ ಮುಖ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

ಸಭೆ ಮುಗಿಯುವ ಮುಂಚೆ, ಪಟ್ಟಿಯಲ್ಲಿಲ್ಲದ ವಿಷಯಗಳ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು. ಅದಕ್ಕೂ ಮೂರೇ ನಿಮಿಷ. ಆ ಮಾತುಗಳನ್ನು ಸಮಿತಿ ಕೇಳಿಸಿಕೊಳ್ಳುತ್ತದೆ, ಉತ್ತರ ಕೊಡುವಂತಿಲ್ಲ. ಇದನ್ನು ಪ್ರತಿ ಸಭೆಯಲ್ಲೂ ಓದಿ ಹೇಳುತ್ತಾರೆ, ಇವತ್ತೂ ಓದಿದರು. ಫಖರುನ್ನಿಸಾ ಅವರಿಗೆ ಅದು ಅರ್ಥವಾಯಿತೋ ಇಲ್ಲವೋ ತಿಳಿಯದು. ಎದ್ದು ಮತ್ತೆ ಮೈಕಿನ ಮುಂದೆ ಹೋಗುತ್ತಾರೆ. ದುಪ್ಪಟ್ಟಾ ತಲೆಯ ಮೇಲೆ ಸರಿಮಾಡಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದವರಂತೆ, ಒಂದೊಂದೇ ಇಂಗ್ಲಿಷ್ ಪದವನ್ನು ಇಟ್ಟು ಇಟ್ಟು ಹೇಳುತ್ತಾರೆ.

"ಕೋಣೆ ಕೆಡವುವ ದಿನ ನನಗೆ ಮೊದಲೇ ಹೇಳಿ. ಆ ದಿನ ಒಳಗೆ ಯಾರಾದರೂ ಇದ್ದರೆ, ಅವರಿಗೆ ಎರೆದು ಮುಗಿಯುವವರೆಗೆ ಸ್ವಲ್ಪ ಕಾಯಿರಿ."

ಹೇಳಿ ಅಲ್ಲೇ ನಿಲ್ಲುತ್ತಾರೆ. ಗೋಡೆಯ ಮೇಲಿನ ಟೈಮರಿನಲ್ಲಿ ಅವರ ಮೂರು ನಿಮಿಷದಲ್ಲಿ ಇನ್ನೂ ಬಹಳ ಉಳಿದಿದೆ, ಅಂಕೆಗಳು ಒಂದೊಂದಾಗಿ ಇಳಿಯುತ್ತಿವೆ. ಫಖರುನ್ನಿಸಾ ಏಳು ಜನರ ಮುಖವನ್ನೂ ಒಬ್ಬೊಬ್ಬರದಾಗಿ ನೋಡುತ್ತಾ ಕಾಯುತ್ತಾರೆ.