ಭೇಟಿಯ ಅರ್ಧ ಗಂಟೆ

ಮೂಡಬಿದಿರೆಯ ಆ ತರಬೇತಿ ಹಾಸ್ಟೆಲಿನಲ್ಲಿ ಭಾನುವಾರದ ಭೇಟಿಗೂ ಒಂದು ನಿಯಮವಿತ್ತು. ಮನೆಯವರ ಜೊತೆಗೂ ಇಂಗ್ಲಿಷಿನಲ್ಲೇ ಮಾತಾಡಬೇಕು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ನಾವು ದಿನವೂ ಉರು ಹೊಡೆಯುತ್ತಿದ್ದ ದೊಡ್ಡ ದೊಡ್ಡ ಪದಗಳು ನಾಲಗೆಗೆ ಹತ್ತಬೇಕಾದರೆ ತುಳು ಬಾಯಿಗೆ ಬರಲೇಬಾರದು ಎಂಬುದು ಹಾಸ್ಟೆಲಿನವರ ಸಿದ್ಧಾಂತ. ವಾರ್ಡನ್ ಅಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ನಿಯಮವನ್ನು ನನಗಿಂತ ಹೆಚ್ಚು ಪಾಲಿಸಿದವರು ನನ್ನ ಅಪ್ಪ. ಬಂಟ್ವಾಳದಲ್ಲಿ ಸಣ್ಣ ಹೋಟೆಲು ಇಟ್ಟವರು; ಗಿರಾಕಿಗಳನ್ನು ತುಳು, ಬ್ಯಾರಿ, ಕೊಂಕಣಿ ಮೂರರಲ್ಲೂ ನಗಿಸುವ ಮನುಷ್ಯ. ಹಾಸ್ಟೆಲಿನ ಗೇಟು ದಾಟಿದರೆ ಮೂಕ. ಪೇಪರಿನಲ್ಲಿ ಕಟ್ಟಿ ತಂದ ಗೋಳಿಬಜೆ ನನ್ನ ಮುಂದಿಟ್ಟು, “ಫುಡ್ ಗುಡ್?” ಎಂದು ಕೇಳಿ, ತಾನೇ ಪರೀಕ್ಷೆಗೆ ಕೂತವರ ಹಾಗೆ ವಾರ್ಡನ್ನರ ಮುಖ ನೋಡುತ್ತಿದ್ದರು. ಹೌದೆಂದರೆ ನಮ್ಮ ಮಾತು ಮುಗಿಯಿತು. ಉಳಿದ ಹೊತ್ತು ಇಬ್ಬರೂ ತಿನ್ನುತ್ತಾ ಕೂರುತ್ತಿದ್ದೆವು. ‘ಒಬ್ಸೀಕ್ವಿಯಸ್’ ಎಂಬ ಪದ ಕಲಿತ ವಾರ ನನಗೆ ನಿಘಂಟು ಬೇಕಾಗಲಿಲ್ಲ. ಅತಿಯಾಗಿ ಬಗ್ಗುವ ಎಂಬ ಅದರ ಅರ್ಥ ಎದುರಿಗೇ ಕೂತಿತ್ತು.

ಅಂಥದೇ ಒಂದು ಭಾನುವಾರ ಅಪ್ಪ ನನಗೆ ಹೇಳಲೇಬೇಕಾದ ಮಾತೊಂದಿತ್ತು. ಬೆಳ್ತಂಗಡಿಯ ಅಜ್ಜಿ, ಐದನೇ ಕ್ಲಾಸಿನವರೆಗೆ ನನ್ನನ್ನು ಸಾಕಿದವರು, ಹಾಸಿಗೆ ಹಿಡಿದಿದ್ದರು, ನನ್ನನ್ನು ನೋಡಬೇಕೆನ್ನುತ್ತಿದ್ದರು. ಅಪ್ಪ ಅಂದೂ ಊಟದ ಬಗ್ಗೆ ಕೇಳಿ ಬಸ್ಸು ಹತ್ತಿದರು. ಪರೀಕ್ಷೆ ಮುಗಿಸಿ ನಾನು ಹೋಗುವಾಗ ಅಜ್ಜಿ ತೀರಿಕೊಂಡು ಬೊಜ್ಜದ ಊಟವೂ ಮುಗಿದಿತ್ತು. ಸೀಟು ಸಿಕ್ಕಿತು. ಮುಂದೆ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಕಂಡದ್ದನ್ನೆಲ್ಲ ಸಂಶಯಿಸಲು ಕಲಿತೆ. ನನಗೆ ಯಾರೂ ಹೇಳಲಿಲ್ಲ ಎಂಬುದೊಂದನ್ನು ಮಾತ್ರ ಸಂಶಯಿಸಲಿಲ್ಲ.

ಈಗ ಅಕ್ಕನ ಮಗಳು ಅದೇ ಹಾಸ್ಟೆಲಿನಲ್ಲಿ, ಅದೇ ಪರೀಕ್ಷೆಗೆ ಓದುತ್ತಿದ್ದಾಳೆ. ಸೇರಿಸುವುದು ಬೇಡವೆಂದು ನಾನು ಜಗಳವಾಡಿದ್ದೆ. “ನಿನಗೆ ಸೀಟು ಸಿಕ್ಕಿದ್ದು ಅಲ್ಲಿಂದಲೇ ಅಲ್ವಾ?” ಎಂದು ಅಕ್ಕ ನನ್ನ ಬಾಯಿ ಮುಚ್ಚಿಸಿದ್ದಳು. ಕಳೆದ ತಿಂಗಳು ನಮ್ಮ ಅಮ್ಮನಿಗೆ ಹೃದಯದ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದರು. ಪರೀಕ್ಷೆ ಮುಗಿಯುವವರೆಗೆ ಮೊಮ್ಮಗಳಿಗೆ ತಿಳಿಸುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಯಿತು. ಭಾನುವಾರ ಅಪ್ಪನೂ ನಾನೂ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಅವಳನ್ನು ನೋಡಲು ಹೋದೆವು. ವಾರ್ಡನ್ ಹೊಸಬರು, ಕುರ್ಚಿ ಅಲ್ಲೇ ಇತ್ತು. ಅಪ್ಪ ಗೋಳಿಬಜೆಯ ಕಟ್ಟು ಬಿಚ್ಚಿದರು.

“ಫುಡ್ ಗುಡ್?”

ನಾನು ಇಡೀ ಕೋಣೆಗೆ ಕೇಳುವ ಹಾಗೆ ತುಳುವಿನಲ್ಲಿ ಹೇಳಿದೆ. ನಿನ್ನ ಅಜ್ಜಿಗೆ ಬುಧವಾರ ಆಪರೇಷನ್ ಉಂಟು, ನಿನ್ನನ್ನು ಕೇಳುತ್ತಿದ್ದಾರೆ, ಬರುವುದಾದರೆ ಈಗಲೇ ಹೊರಡು ಎಂದೆ. ವಾರ್ಡನ್ ಎದ್ದು ನಿಯಮದ ಮಾತೆತ್ತಿದರು. ಆ ನಿಯಮವನ್ನು ಏನು ಮಾಡಬಹುದೆಂದು ಅವರಿಗೂ ತುಳುವಿನಲ್ಲೇ ತಿಳಿಸಿದೆ. ಅಪ್ಪ ನೆಲ ನೋಡುತ್ತಿದ್ದರು. ಹುಡುಗಿ ಒಳಗೆ ಹೋಗಿ ಬ್ಯಾಗು ತಂದಳು.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾವಿಬ್ಬರು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು, “ಅಪ್ಪ ಹೇಳಲಿಲ್ಲ ಅಂತ ಊರಿಡೀ ಹೇಳ್ತಾ ತಿರುಗ್ಬೇಡ ಮಾರಾಯ. ಅವತ್ತು ಗೇಟಿನ ಹತ್ರ ನಿನ್ನ ಅಜ್ಜಿಯ ವಿಷಯ ನಾನು ಹೇಳಿದ್ದೇನೆ. ತುಳುವಲ್ಲೇ.”

“ನಾನೇನು ಹೇಳಿದೆ?”

“ಏನೂ ಹೇಳಲಿಲ್ಲ. ವಾರ್ಡನ್ ನೋಡ್ತಿದ್ದಾರಾ ಅಂತ ಹಿಂದೆ ತಿರುಗಿ ನೋಡಿದ್ದಿ.”

ಸುಳ್ಳು ಎಂದೆ. ಅಪ್ಪ ವಾದಿಸಲಿಲ್ಲ. ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಗೇಟನ್ನು ನೆನಪಿಗೆ ತಂದುಕೊಂಡೆ. ಒಮ್ಮೆ ಅಪ್ಪ ಸುಮ್ಮನೆ ನಡೆದುಹೋದರು, ಇನ್ನೊಮ್ಮೆ ನಿಂತು ಏನೋ ಹೇಳಿದರು. ಎರಡನೆಯದನ್ನು ನಾನು ಈಗ ತಾನೇ ಕಟ್ಟಿಕೊಂಡಿರಬಹುದು. ಮೊದಲನೆಯದನ್ನೂ ಎಂದೋ ಕಟ್ಟಿಕೊಂಡಿರಬಹುದು. ಆ ವಾರದ ಪದಗಳು ಮಾತ್ರ ಅರ್ಥಸಹಿತ ಒಂದೂ ತಪ್ಪದೆ ಬಂದು ನಿಂತವು. ಅವನ್ನು ಯಾರು ಕೇಳಿದ್ದರು?

ಹುಡುಗಿ ಮುಂದಿನಿಂದ ತಿರುಗಿ, ಅಜ್ಜಿಗೆ ಮಾತಾಡಲು ಆಗುತ್ತದಾ ಎಂದು ತುಳುವಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಇಡೀ ಬಸ್ಸಿಗೆ ಕೇಳುವ ಹಾಗೆ, ಬೆಳಿಗ್ಗೆಯೂ ತನಗೆ ಬೈದೇ ಕಾಫಿ ಕುಡಿದಿದ್ದಾಳೆ ಎಂದರು. ಕಂಡಕ್ಟರ್ ನಕ್ಕ.

ಈ ಸ್ವರ ಅವತ್ತು ಎಲ್ಲಿತ್ತು ಎಂದು ಕೇಳಬೇಕೆನಿಸಿತು. ಗೇಟಿನಲ್ಲಿತ್ತು ಎಂದುಬಿಟ್ಟರೆ? ಅಪ್ಪನನ್ನು ಕೇಳುವ ಬದಲು ಕಂಡಕ್ಟರನ ಹತ್ತಿರ ಮೂರು ಟಿಕೆಟ್ ಕೇಳಿದೆ.