ಸೋಸಿದ ಮಳೆ

ಹೊತ್ತು ಮೂಡುವ ಮೊದಲೇ ರಾಜಮತಿ ಮಗದುಮ್ಮ ಶೇಡಬಾಳದ ತಮ್ಮ ತೋಟದಲ್ಲಿ ಥರ್ಮಾಮೀಟರಿನ ಮುಂದೆ ಬಗ್ಗಿ ನಿಂತಿದ್ದಾರೆ. ರಾತ್ರಿ ಎಷ್ಟು ತಂಪಾಗಿತ್ತೆಂದು ವಹಿಯಲ್ಲಿ ಬರೆಯುತ್ತಾರೆ. ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿಯುತ್ತಾರೆ. ಪಕ್ಕದ ಹೊಲದ ಮಲಕಾರಿ ಬೇಲಿಯಾಚೆಯಿಂದ ಕೇಳುತ್ತಾನೆ: "ಎಷ್ಟ ಬಿತ್ರಿ ಅಕ್ಕಾರ?"

"ಮೂರು ಮಿಲಿಮೀಟರ್."

"ಸೋಸಿದ್ದೋ, ಸೋಸಲಾರದ್ದೋ?"

ರಾಜಮತಿ ನಗುವುದಿಲ್ಲ. ಕೇಳುವ ಹಕ್ಕು ಅವನಿಗಿದೆ.

ನಲವತ್ತಾರರ ಈ ಕೃಷಿ ಹವಾಮಾನ ವಿಜ್ಞಾನಿ 1983ರಿಂದ ಈ 1997ರವರೆಗೆ, ಹದಿನಾಲ್ಕು ವರ್ಷ, ಮನೆಯ ತೋಟದಲ್ಲೇ ಲೆಕ್ಕ ಇಟ್ಟಿದ್ದಾರೆ. ಸಂಶೋಧನಾ ಕೇಂದ್ರದ ನೌಕರಿ ಬೇರೆ, ಇದು ಬೇರೆ. "ಮಳಿ ಆಕಾಶದಾಗ ಇರತೈತಿ, ಈಕಿ ಡಬ್ಬಿಯೊಳಗ ಹುಡಕತಾಳ" ಎಂದು ಊರವರು ಆಡಿಕೊಂಡರು. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

1991ರಲ್ಲಿ ಧಾರವಾಡಕ್ಕೆ ವರ್ಗವಾಯಿತು. ನಾಲ್ಕು ವರ್ಷ ಅಳತೆಯ ಹೊಣೆ ತಾಯಿ ಚಂದ್ರಮತಿಯವರದು. ಮರಳಿ ಬಂದ ಮಗಳು ವಹಿ ಕೂಡಿಸಿ ನೋಡಿದರು. ಮುಂಗಾರಿನ ಸಣ್ಣ ಮಳೆಗಳು ಬತ್ತಿಹೋಗಿದ್ದವು! ಮೊದಲ ಮಳೆ ನಂಬಿದರೆ ಮೊಳಕೆ ಒಣಗುತ್ತದೆ, ಶೇಂಗಾ ತಡವಾಗಿ ಬಿತ್ತಿ ಎಂದು ಊರಿಗೆ ಹೇಳಿದರು. ನಂಬಿದವನು ಮಲಕಾರಿ ಒಬ್ಬನೇ. ಆ ವರ್ಷ ಮುಂಗಾರು ಹದವಾಗಿಯೇ ಬಂತು. ಅವನು ಕಾದು ಬಿತ್ತಿದ ಮೂರು ಎಕರೆಯೂ ಜೊಳ್ಳು ಕಾಯಿ.

ಮರುವರ್ಷ ಆಷಾಢದಲ್ಲಿ ರಾಜಮತಿ ಜ್ವರ ಬಂದು ಮಲಗಿದ್ದರು. ಅಳತೆಗೆ ಹೋದ ತಾಯಿ ಅವರಿಗೆ ಕಿಟಕಿಯಿಂದ ಕಂಡರು. ಗಾಜಿನ ಬಾಯಿಗೆ ಎರಡು ಪದರ ಬಟ್ಟೆ ಹಿಡಿದು ಮಳೆನೀರು ಸೋಸುತ್ತಿದ್ದರು. ಜೈನರ ಮನೆಯಲ್ಲಿ ಸೋಸದ ನೀರು ಬಳಸುವುದುಂಟೆ?

"ನೀರಿನ್ಯಾಗ ಜೀವ ಇರತಾವವ್ವ," ಎಂದರು ಚಂದ್ರಮತಿ. "ಗಾಜಿನ್ಯಾಗ ಹಾಕಿ ಹಿಂಸಾ ಮಾಡ್ಲೇನ?"

ರಾಜಮತಿ ಅದೇ ಬಟ್ಟೆ ಹಿಡಿದು ಅಳೆದರು. ಒಂದು ಸಲಕ್ಕೆ ಬಟ್ಟೆಯೇ ಎರಡು ಮಿಲಿಮೀಟರ್ ಕುಡಿಯುತ್ತಿತ್ತು. ಸಣ್ಣ ಮಳೆಗಳೆಲ್ಲ ಹೋದದ್ದು ಅಲ್ಲಿಗೆ.

ಅಂದೇ ಮಲಕಾರಿಯ ಮನೆಗೆ ಹೋಗಿ ಹೇಳಿದರು. ಅವನು, "ನಿಮ್ಮ ಆಯಿ ಹುಳ ಉಳಿಸಿದ್ರು. ನನ್ನ ಬೆಳಿ ಹೋತು," ಎಂದ. ಆ ಮಾತು ಕಿವಿಗೆ ಬಿದ್ದ ದಿನದಿಂದ ಚಂದ್ರಮತಿ ಶೇಂಗಾ ತಿನ್ನುವುದನ್ನೇ ಬಿಟ್ಟಿದ್ದಾರೆ. ಮಳೆಮಾಪಕದ ಹತ್ತಿರ ಸುಳಿಯುವುದಿಲ್ಲ.

ಈಗ ರಾಜಮತಿಯ ಮಾತಿಗೆ ಊರಲ್ಲಿ ಬೆಲೆಯಿಲ್ಲ. ಅದೇ ಅವರನ್ನು ತಿನ್ನುತ್ತಿದೆ. ಏಕೆಂದರೆ ಥರ್ಮಾಮೀಟರಿಗೆ ಯಾರೂ ಬಟ್ಟೆ ಹಿಡಿದಿರಲಿಲ್ಲ. ಚಳಿಗಾಲದ ರಾತ್ರಿಗಳು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಿರುವುದು ವಹಿಯಲ್ಲಿ ಸ್ಪಷ್ಟವಾಗಿದೆ. "ಹೇಳಿದ್ರ ನಗತಾರ್ರಿ. ನಗಲಿ. ನಾ ಬರದ ಇಡತೇನಿ," ಎನ್ನುತ್ತಾರೆ.

ಆ ನಾಲ್ಕು ವರ್ಷದ ಪುಟಗಳನ್ನು ತೆರೆದು ತೋರಿಸುತ್ತಾರೆ. ಎಲ್ಲದಕ್ಕೂ ಕೆಂಪು ಗೆರೆ, ಕೆಳಗೆ 'ಮಳೆಯ ಅಳತೆ ತಪ್ಪು, ಬಳಸಬಾರದು' ಎಂಬ ಬರಹ. ತಪ್ಪಿನ ಹೊಣೆ ಹೊತ್ತು ಹಾಕಿರುವ ಸಹಿ ರಾಜಮತಿಯದೇ.

"ಬಟ್ಟಿ ಬ್ಯಾಡಂತ ನಾ ಹೇಳಬೇಕಿತ್ರಿ. ಅವ್ವನ ಹೆಸರ ಎಲ್ಲೂ ಹಾಕಿಲ್ಲ," ಎಂದು ವಹಿ ಮುಚ್ಚುತ್ತಾರೆ. "ನಾಕ ವರ್ಷದಾಗ ಅಕಿ ಒಂದ ದಿನಾನೂ ತಪ್ಪಿಸಿಲ್ರಿ."